ಒಂದೇ ಗುಂಡಿಯ ಆ್ಯಪು

ಹಾಲಿನ ಸಂಘದ ಆ್ಯಪು ತೆರೆದರೆ ಮೊದಲು ಏನು ಕಾಣಬೇಕು ಎಂದು ಬಾಳೇಶ ಸಭೆಯಲ್ಲಿ ಕೇಳಬಾರದಿತ್ತು.

ಕಣಗಲಾ ಊರಿನ ಆ ಸಂಘದಲ್ಲಿ ಅವನು ಕಾರಕೂನ. ದನಕ್ಕೆ ಹಾಕುವ ಹಿಂಡಿ ಬಂತೇ, ದನದ ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳುವ ಮಂದಿ ಅವನನ್ನು ಕ್ಷೌರದ ಕುರ್ಚಿಯಲ್ಲೂ ಬಿಡುತ್ತಿರಲಿಲ್ಲ. ಅವರಿಂದ ಪಾರಾಗಲೆಂದೇ ಬೇಸಿಗೆಯೆಲ್ಲ ಕೂತು ಆ್ಯಪು ಮಾಡಿದ್ದ. ಬಿಳಿ ಪರದೆ, ನಾಲ್ಕು ಗುಂಡಿ, ಮೂಲೆಯಲ್ಲಿ ಸಣ್ಣದೊಂದು ‘ಸಹಾಯ’.

ಅಧ್ಯಕ್ಷ ರಾವಸಾಹೇಬರು ಮೊಬೈಲನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

“ಇದೇನೋ, ಬೋಳಬೋಳ ಕಾಣ್ತೈತಿ! ನನ್ನ ಫೋಟೋ ಎಲ್ಲಿ?”

“ಸಾದಾ ಇದ್ರ ಮಂದಿಗೆ ಲಗೂನ ತಿಳಿತೈತ್ರಿ.”

“ಸಾದಾ ಇರಾಕ ಇದೇನ್ ಚಹಾ ಏನು? ಹಾಕು!”

ಫೋಟೋ ಬಂತು. ಅಧ್ಯಕ್ಷರದು ಬಂದ ಮೇಲೆ ಉಳಿದ ಸದಸ್ಯರದೂ ಬಂತು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದ ಸದಸ್ಯ ಗಜಾನನ ಗಾಳಿಯ ದಿಕ್ಕು, ತೇವಾಂಶ ಬೇಕೇಬೇಕೆಂದ. ಸದಸ್ಯೆ ಶಿವವ್ವ ಎಮ್ಮೆ, ಆಕಳುಗಳ ತಳಿಗೊಂದೊಂದು ಚಿತ್ರ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಪರದೆ ಸಂತೆಯ ದಿನದ ಸಂಕೇಶ್ವರ ಬಸ್ಸಿನಂತಾಗಿ, ಕಂಡಕ್ಟರನಿಗೂ ಕಾಲಿಡಲು ಜಾಗವಿರಲಿಲ್ಲ.

ಪರೀಕ್ಷೆಗೆಂದು ಹಾಲು ಹಾಕುವ ಕೆಂಪವ್ವನ ಕೈಗೆ ಮೊಬೈಲು ಕೊಟ್ಟರು. ಅವಳು ಹಿಂಡಿ ಹುಡುಕುತ್ತ ಎಲ್ಲೋ ಒತ್ತಿದಳು. ರಾವಸಾಹೇಬರ ಫೋಟೋ ಹಿಗ್ಗಿ ಹಿಗ್ಗಿ ಪರದೆಯ ತುಂಬ ಬರಿಯ ಮೀಸೆ ನಿಂತಿತು.

“ಅಯ್ಯ, ಹಿಂಡಿ ಕೇಳಿದ್ರ ಮೀಸಿ ಬಂತಲ್ಲೋ ತಮ್ಮಾ!”

ಸಭೆ ಬಿದ್ದು ಬಿದ್ದು ನಕ್ಕಿತು. ರಾವಸಾಹೇಬರ ಮುಖ ಕೆಂಪಾಯಿತು.

“ಎಲ್ಲಾ ತಗದ ಒಗಿ! ಕೆಂಪವ್ವಗ ತಿಳಿಯೂಹಂಗ ಒಂದು ಬಟನ್ ಇಡು, ಸಾಕು.”

“ಯಾವ್ದು ಇಡಬೇಕ್ರಿ?”

ಅದಕ್ಕೆ ಜಗಳ ಹತ್ತಿತು. ಒಬ್ಬರ ಗುಂಡಿಯನ್ನು ಇನ್ನೊಬ್ಬರು ತೆಗೆಸಿದರು. ಕೊನೆಗೆ ಉಳಿದದ್ದು ಯಾರ ಕಣ್ಣಿಗೂ ಬೀಳದಿದ್ದ ‘ಸಹಾಯ’. ಬಾಳೇಶ ನಿಟ್ಟುಸಿರುಬಿಟ್ಟು ಅದನ್ನೇ ಚಪಾತಿಯಷ್ಟು ದೊಡ್ಡದು ಮಾಡಿದ.

ಕೆಂಪವ್ವ ಒತ್ತಿದಳು. ಬಾಳೇಶನ ಕಿಸೆಯಲ್ಲಿ ಫೋನು ರಿಂಗಾಯಿತು. ಅವನು ರೂಢಿಯಂತೆ ಎತ್ತಿ “ಹಲೋ” ಎಂದ.

“ಹಿಂಡಿ ಬಂದೈತೇನು?” ಪಕ್ಕದಲ್ಲೇ ನಿಂತು ಕೆಂಪವ್ವ ಮೊಬೈಲಿನಲ್ಲಿ ಕೂಗಿದಳು.

“ಸಂಜಿಕ ಬರ್ತೈತಿ ಅವ್ವಾ.”

“ಇದು ಖರೇ ಆ್ಯಪ್ ನೋಡ್ರಿ! ಕೇಳಿದ್ದಕ್ಕ ಜವಾಬು ಕೊಡ್ತೈತಿ!” ಕೆಂಪವ್ವ ಸಭೆಯತ್ತ ತಿರುಗಿದಳು.

ಚಪ್ಪಾಳೆಯೋ ಚಪ್ಪಾಳೆ.

“ಸಾಹೇಬ್ರ, ಅದು ನನ್ನ ನಂಬರ್ ಐತ್ರಿ, ಆ್ಯಪ್ ಕೆಟ್ರ ತಿಳಿಸ್ಲಿ ಅಂತ...” ಬಾಳೇಶನ ಮಾತು ಯಾರಿಗೂ ಕೇಳಿಸಲಿಲ್ಲ. ರಾವಸಾಹೇಬರು ಅವನ ಕೊರಳಿಗೆ ಹಾರ ಹಾಕುತ್ತಿದ್ದರು.

ಸಂಜೆ ಮನೆಯಲ್ಲಿ ರೊಟ್ಟಿ ಮುರಿಯುವಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಫೋನು.

“ಅಣ್ಣಾರ, ನಾನು ಮೂಡಲಗಿ ಸಾತವ್ವ. ನಿಮ್ಮ ಅಧ್ಯಕ್ಷರು ನಮ್ಮ ಸಂಘಕ್ಕೂ ಈ ಆ್ಯಪ್ ಕಳಿಸ್ಯಾರ. ಗೋಕಾಕದವರೂ ಹಾಕ್ಕೊಳ್ಳಾಕತ್ತಾರ. ಭಾಳ ಸರಳ ಐತ್ರಿ! ಅದಿರ್ಲಿ, ನಮ್ಮ ಎಮ್ಮಿ ಮುಂಜಾನಿಂದ ಮೇವು ಮುಟ್ಟವಲ್ದು. ಯಾಕಂತೀರಿ?”

ಬಾಳೇಶ ರೊಟ್ಟಿಯನ್ನು ತಟ್ಟೆಯಲ್ಲಿಟ್ಟ.

“ಎಮ್ಮಿ ಬಾಯಿ ತಗಿಸಿ ನೋಡೀರೇನ್ರಿ?”