ಸೈಜಪ್ಪನ ಬಲಮಂಡಿ

ಆ ದಿನ ಬೆಳಿಗ್ಗೆ ಸೈಜಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೇಪರು ಓದಿ ಮುಗಿಸಿ ಏಳುವಾಗ ಅವನ ಬಲಮಂಡಿ ‘ಕಟಕ್’ ಎಂದಿತು. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಅದು ಕೇಳಿಸಿತು.

“ಏನ್ರೀ ಅದು, ಏನು ಮುರೀತು?”

“ನಾನೇ,” ಎಂದ ಸೈಜಪ್ಪ, ಕಿಟಕಿಯ ಸರಳಿಗೆ ಜೋತುಬಿದ್ದುಕೊಂಡು.

ಸೈಜಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಮೂರು ಮಹಡಿಯ ದೊಡ್ಡ ಚಪ್ಪಲಿ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಗಿರಾಕಿ ಬಾಗಿಲು ದಾಟುವುದರೊಳಗೆ ಪಾದ ನೋಡಿ “ಏಳು”, “ಎಂಟೂವರೆ” ಎಂದುಬಿಡುತ್ತಿದ್ದುದರಿಂದ ಅಂಗಡಿಯವರು ಹಾಗೆ ಕರೆಯತೊಡಗಿದ್ದರು. ಜನರ ಮುಖ ಅವನಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಮಾತನಾಡಿಸಿದರೆ ಮೊದಲು ಕೆಳಗೆ ನೋಡಿ, ಆಮೇಲೆ ಗುರುತು ಹಿಡಿದು ನಗುತ್ತಿದ್ದ. ಯೌವನವನ್ನೆಲ್ಲ ಕುಕ್ಕರುಗಾಲಿನಲ್ಲಿ ಕೂತು, ಊರವರ ಕಾಲು ಹಿಡಿದು ಕಳೆದಿದ್ದ.

ಅವನಿಗಿದ್ದದ್ದು ಒಂದೇ ಆಸೆ. ಅಂಗಡಿಯ ಬಾಗಿಲ ಬಳಿ ಗಿರಾಕಿಗಳ ಬ್ಯಾಗು ತೆಗೆದಿಟ್ಟು ಟೋಕನ್ ಕೊಡುವ ಜಾಗವಿತ್ತು. ಅಲ್ಲೊಂದು ಮೆತ್ತೆಯ ಕುರ್ಚಿ. ಅದರಲ್ಲಿ ಕೂರುತ್ತಿದ್ದ ಮುದುಕ ಮಗಳ ಮನೆಗೆ ಹೋಗಿ ಇರುತ್ತೇನೆಂದು ಹಿಂದಿನ ದಿನ ಕೆಲಸ ಬಿಟ್ಟಿದ್ದ. ಇಡೀ ಅಂಗಡಿಯಲ್ಲಿ ಕೆಲಸದವರಿಗೆಂದು ಇದ್ದ ಮೆತ್ತೆಯ ಕುರ್ಚಿ ಅದೊಂದೇ. ಅದು ಯಾರಿಗೆಂದು ಮಾಲೀಕರು ಇವತ್ತು ಹೇಳುವವರಿದ್ದರು. ನೋವು ಬಂದದ್ದೇ ಬಂತು, ಇವತ್ತೇ ಬಂದದ್ದು ಒಳ್ಳೆಯದಾಯಿತು ಎಂದು ಸೈಜಪ್ಪ ಸರಳಿಗೆ ಜೋತುಬಿದ್ದೇ ಲೆಕ್ಕ ಹಾಕಿದ. ಕುಂಟುತ್ತಾ ಹೋಗಿ ಮಾಲೀಕರೆದುರು ನಿಂತರೆ ಬಾಯಿ ಬಿಡುವ ಅಗತ್ಯವೂ ಇರದು.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಎಂದಿನಂತೆ ಪೇಪರು ಕೇಳಲು ಬಂದರು. ಸೈಜಪ್ಪನ ಭಂಗಿ ನೋಡಿ ಪೇಪರಿನ ವಿಷಯ ಮರೆತರು.

“ನೆಲದ ಮೇಲೆ ಕೂತಿದ್ಯಾ? ಚಕ್ಕಳಮಕ್ಕಳ? ಇನ್ನೇನಾಗುತ್ತೆ ಮತ್ತೆ. ಆ ಅಭ್ಯಾಸ ಇವತ್ತಿಗೇ ಬಿಡು.”

ಸೈಜಪ್ಪ ಕುರ್ಚಿಯಲ್ಲಿ ಕೂತ. ಕೂತವನ ಬಲಗಾಲು ತಾನಾಗಿಯೇ ಮಡಚಿಕೊಂಡು ಎಡತೊಡೆಯ ಕೆಳಗೆ ಸೇರಿಕೊಂಡಿತು. ಮೇಷ್ಟ್ರು ಶಾಲೆಯಲ್ಲಿ ಮಕ್ಕಳ ಕಾಲಿಗೆ ಹೇಗೆ ತಟ್ಟುತ್ತಿದ್ದರೋ ಹಾಗೇ ಪೇಪರಿನಿಂದ ತಟ್ಟಿ ಅದನ್ನು ಬಿಡಿಸಿದರು. ಸೈಜಪ್ಪ ಎದ್ದು ನಿಂತ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದೂ ತಪ್ಪಂತೆ. ಮಂಚದಲ್ಲಿ ಮಲಗಿದ. ಮಂಡಿ ಕೆಳಗೆ ದಿಂಬಿಟ್ಟು ಹಾಗೇ ಮಡಚಿಟ್ಟುಕೊಂಡರೆ ಕಾಲು ಪೂರ್ತಿ ನೀಡಲು ಬಾರದಂತಾಗುತ್ತದೆ ಎಂದು ಮೇಷ್ಟ್ರು ದಿಂಬು ಎಳೆದುಕೊಂಡರು. ಮನೆಯಲ್ಲಿ ಇನ್ನು ಇರಬಹುದಾದ ಬೇರೆ ಭಂಗಿ ಸೈಜಪ್ಪನಿಗೆ ತೋಚಲಿಲ್ಲ. ಅಂಗಡಿಗೆ ಹೊರಟ.

ಬಸ್ಸಿನಲ್ಲಿ ಅವನ ಕುಂಟು ನೋಡಿ ಒಬ್ಬರು ಸೀಟು ಬಿಟ್ಟುಕೊಟ್ಟರು. ಜಗತ್ತಿನಲ್ಲಿ ಕರುಣೆ ಇನ್ನೂ ಉಳಿದಿದೆ ಎಂದುಕೊಂಡು ಕೂತ. ಆದರೆ ಪಕ್ಕದಲ್ಲಿದ್ದ ಊರುಗೋಲಿನ ಅಜ್ಜಿ ಅವನನ್ನು ಬಿಡಲಿಲ್ಲ. ಯಾವ ಮಂಡಿ, ಎಂದಿನಿಂದ, ಏಳುವಾಗಲೋ ಕೂರುವಾಗಲೋ ಎಂದು ವಿಚಾರಿಸಿ, ತಾನೂ ಹೀಗೇ ವರ್ಷಗಟ್ಟಲೆ ಮಂಡಿ ಮಡಚಿ ಒಂದೇ ಕಡೆ ಕೂತು ಕೆಲಸ ಮಾಡಿದ್ದರಿಂದಲೇ ಈ ಕೋಲು ಕೈಗೆ ಬಂತೆಂದು ಹೇಳಿದಳು. ಹೇಳುತ್ತಾ ಅವನ ಮಂಡಿಯನ್ನೇ ದಿಟ್ಟಿಸುತ್ತಿದ್ದಳು. ಆ ನೋಟ ತಡೆಯಲಾರದೆ ಸೈಜಪ್ಪ ಎದ್ದು ನಿಂತ. ಉಳಿದ ದಾರಿಯನ್ನು ಕಂಬಿ ಹಿಡಿದು, ಒಮ್ಮೆ ಈ ಕಾಲು ಒಮ್ಮೆ ಆ ಕಾಲು ಬದಲಿಸುತ್ತಾ, ಬಿಸಿ ಕಾವಲಿಯ ಮೇಲೆ ನಿಂತವನಂತೆ ಕಳೆದ.

ಅಂಗಡಿಯಲ್ಲಿ ಬಿಲ್ ಬರೆಯುವ ಅಕ್ಕ ಅವನ ಮಂಡಿ ನೋಡಲಿಲ್ಲ. ಚಪ್ಪಲಿ ನೋಡಿದಳು. ಊರಿಗೆಲ್ಲ ಹೊಸ ಚಪ್ಪಲಿ ತೊಡಿಸುವವನ ಸ್ವಂತ ಚಪ್ಪಲಿಯ ಹಿಮ್ಮಡಿ ಒಂದು ಕಡೆಗೆ ಸವೆದು ಹಾಳೆಯಂತಾಗಿತ್ತು.

“ಇದನ್ನ ಹಾಕ್ಕೊಂಡು ಓಡಾಡಿದ್ರೆ ಮಂಡಿ ಸೊಟ್ಟಗಾಗದೆ ಇನ್ನೇನಾಗುತ್ತೆ? ತಡಿ,” ಎಂದು ಷೋಕೇಸಿನಿಂದ ದಪ್ಪ ಮೆತ್ತನೆ ಅಡಿಯ ಬೂಟೊಂದನ್ನು ತಂದು ಅವನ ಬಲಗಾಲಿಗೆ ಹಾಕಿಸಿದಳು. ಷೋಕೇಸಿನಲ್ಲಿ ಇಡುವುದು ಒಂದೇ ಕಾಲಿನದು. ಅದರ ಜೋಡಿ ಗೋದಾಮಿನಲ್ಲಿ ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ. ಬಲಗಾಲು ಮಹಡಿ ಹತ್ತಿದಂತಾಯಿತು, ಎಡಗಾಲು ನೆಲಮಹಡಿಯಲ್ಲೇ ಉಳಿಯಿತು. ಅಲ್ಲಿಯವರೆಗೆ ಮಂಡಿ ಮಾತ್ರ ನೋಯುತ್ತಿತ್ತು. ಈಗ ಸೊಂಟವೂ ಜೊತೆಗೂಡಿತು.

ಮಧ್ಯಾಹ್ನದ ಹೊತ್ತಿಗೆ, ಮಾಲೀಕರು ಇನ್ನೂ ಕರೆದಿಲ್ಲವಲ್ಲ ಎಂದು ಅವನು ಬಾಗಿಲ ಬಳಿಯ ಖಾಲಿ ಕುರ್ಚಿಯನ್ನು ದೂರದಿಂದಲೇ ನೋಡುತ್ತಾ ನಿಂತಿರುವಾಗ, ಕಟ್ಟುಮಸ್ತಾದ ಗಿರಾಕಿಯೊಬ್ಬ ಬಂದ. ಹತ್ತು ನಂಬರಿನ ಕಾಲು. ಲೇಸು ಕಟ್ಟುವ ಬೂಟು ಬೇಕಂತೆ. ಸೈಜಪ್ಪ ಅಭ್ಯಾಸಬಲದಿಂದ ಕುಕ್ಕರುಗಾಲಿನಲ್ಲಿ ಕೂತು ಬೂಟು ತೊಡಿಸಿ, ಲೇಸು ಬಿಗಿದು, ಹೆಬ್ಬೆರಳಿನ ಜಾಗ ಒತ್ತಿ ನೋಡಿ, “ನಡೆದು ನೋಡಿ ಸರ್” ಎಂದ. ಹಾಗೆಂದು ಏಳಹೋದರೆ ಮಂಡಿ ಏಳಲಿಲ್ಲ.

ಗಿರಾಕಿ ನಡೆಯಲು ಕಾಲೆತ್ತಿದ. ಸೈಜಪ್ಪ ಏಳಲು ಆಸರೆಗೆಂದು ಅದೇ ಕಾಲನ್ನು ಗಟ್ಟಿಯಾಗಿ ತಬ್ಬಿದ. ಇಬ್ಬರೂ ಹಿಂದೆ ಪೇರಿಸಿಟ್ಟಿದ್ದ ಡಬ್ಬಗಳ ಗೋಡೆಯ ಮೇಲೆ ಬಿದ್ದರು. ಡಬ್ಬಗಳು ಇಬ್ಬರ ಮೇಲೂ ಬಿದ್ದವು.

ಬೈಗುಳ ಬರುತ್ತದೆಂದು ಸೈಜಪ್ಪ ಕಣ್ಣು ಮುಚ್ಚಿದ. ಅದು ಬಂದಿದ್ದರೆ ಚೆನ್ನಾಗಿತ್ತು. ಗಿರಾಕಿ ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವನು. ಡಬ್ಬಗಳ ನಡುವೆ ಕೂತಲ್ಲೇ ಅವನು ಸೈಜಪ್ಪನ ಪ್ಯಾಂಟು ಮಡಚಿ ಮಂಡಿ ಒತ್ತಿ ನೋಡಿ, ಸುತ್ತ ಸೇರಿದ ಜನರಿಗೆಲ್ಲ ಕೇಳುವಂತೆ ಪಾಠ ಮಾಡಿದ. ಈ ವಯಸ್ಸಿನಲ್ಲಿ ದಿನವಿಡೀ ಕುಕ್ಕರುಗಾಲು ಕೂಡದು. ಹೊಟ್ಟೆ ಇಳಿಸಬೇಕು, ಅದರ ಭಾರವೆಲ್ಲ ಮಂಡಿಯ ಮೇಲೆಯೇ. ಮೆಟ್ಟಿಲನ್ನು ದಡದಡ ಇಳಿಯಬಾರದು.

“ಎಲ್ಲಕ್ಕಿಂತ ಕೆಟ್ಟದ್ದು ಏನು ಗೊತ್ತಾ?” ಎಂದ ಕೊನೆಗೆ. “ನೋವು ಅಂತ ಹೆದರಿ ಸುಮ್ಮನೆ ಕೂತುಬಿಡೋದು. ಕೂತ್ರೆ ತೊಡೆಯ ಬಲ ಹೋಗುತ್ತೆ, ಆಮೇಲೆ ಮಂಡಿ ಹಿಡಿಯೋರೇ ಇರಲ್ಲ.”

ಮಕ್ಕಳಿಗೆ ಚಪ್ಪಲಿ ಕೊಳ್ಳಲು ಬಂದ ತಾಯಂದಿರು ತಲೆದೂಗಿದರು. ಒಬ್ಬಾಕೆ ತನ್ನ ಮಾವನ ಕತೆ ಹೇಳಿದಳು. ಇನ್ನೊಬ್ಬರು ತಮ್ಮ ಮಂಡಿಯನ್ನೇ ತೋರಿಸಲು ಮುಂದೆ ಬಂದರು. ಬದುಕಿನಲ್ಲಿ ಇಷ್ಟು ಜನ ತನ್ನನ್ನು ಒಟ್ಟಿಗೆ ನೋಡಿದ್ದು ಮದುವೆಯ ದಿನ ಬಿಟ್ಟರೆ ಇವತ್ತೇ ಎಂದು ಸೈಜಪ್ಪನಿಗೆ ಅನಿಸಿತು. ಅವತ್ತೂ ಅವನ ಅಭಿಪ್ರಾಯ ಯಾರೂ ಕೇಳಿರಲಿಲ್ಲ.

ಮಾಲೀಕರು ಎಲ್ಲವನ್ನೂ ಮೇಲೆ ತಮ್ಮ ಕೋಣೆಯ ಕ್ಯಾಮೆರಾ ಪರದೆಯಲ್ಲಿ ನೋಡಿದ್ದರು. ಕರೆ ಬಂತು. ಅವರ ಕೋಣೆ ಮೂರನೇ ಮಹಡಿಯಲ್ಲಿ. ಸೈಜಪ್ಪ ಮೆಟ್ಟಿಲ ಕಂಬಿ ಹಿಡಿದು, ಒಂದು ಕಾಲು ಎತ್ತರ ಒಂದು ಕಾಲು ತಗ್ಗಾಗಿ, ಮೆಟ್ಟಿಲಿಗೊಮ್ಮೆ ನಿಟ್ಟುಸಿರು ಬಿಡುತ್ತಾ ಹತ್ತಿದ. ಕುರ್ಚಿಯ ಆಸೆ ಆಗಲೇ ಅರ್ಧ ಸತ್ತಿತ್ತು. ಕೆಲಸ ಉಳಿದರೆ ಸಾಕಿತ್ತು.

ಆದರೆ ಮಾಲೀಕರ ಮುಖದಲ್ಲಿ ಸಿಟ್ಟಿರಲಿಲ್ಲ. “ಏನಾಗಿದೆ ನಿನ್ನ ಮಂಡಿಗೆ?” ಎಂದು ಅವರು ಮೆಲ್ಲಗೆ ಕೇಳಿದರು.

ಅಷ್ಟು ಮೆತ್ತಗೆ ಅವತ್ತು ಯಾರೂ ಅವನನ್ನು ಮಾತನಾಡಿಸಿರಲಿಲ್ಲ. ಸೈಜಪ್ಪನಿಗೆ ಅಳು ಬಂತು. ತನ್ನ ಕಷ್ಟ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯಲಿ ಎಂದು ಬೆಳಗಿನಿಂದ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ. ನೆಲದಲ್ಲಿ ಕೂರುವ ಹಾಗಿಲ್ಲ, ಕಾಲು ಮಡಚುವ ಹಾಗಿಲ್ಲ, ಕುಕ್ಕರುಗಾಲು ಕೂಡದು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲಬಾರದು. ಹಾಗಂತ ಕೂತೇ ಇದ್ದರೆ ತೊಡೆಯ ಬಲವೇ ಹೋಗಿಬಿಡುತ್ತದಂತೆ, ಅದು ಎಲ್ಲಕ್ಕಿಂತ ಕೆಟ್ಟದ್ದಂತೆ. “ಹೇಗೆ ಬದುಕಲಿ ಸರ್, ನೀವೇ ಹೇಳಿ,” ಎಂದು ಕಣ್ಣೊರೆಸಿಕೊಂಡ.

ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಳ್ಳೇದಾಯ್ತು ನೀನು ಹೇಳಿದ್ದು,” ಎಂದರು ಆಮೇಲೆ. “ಆ ಬ್ಯಾಗಿನ ಜಾಗಕ್ಕೆ ನಿನ್ನನ್ನೇ ಹಾಕೋಣ ಅಂತ ಬೆಳಿಗ್ಗೆನೇ ತೀರ್ಮಾನ ಮಾಡಿದ್ದೆ. ಅದನ್ನ ಹೇಳೋಕೇ ಕರೆಸಿದ್ದು. ದಿನವಿಡೀ ಮಂಡಿ ಮಡಚಿಕೊಂಡು ಕೂರೋ ಕೆಲಸ ಅದು. ಗೊತ್ತಿಲ್ಲದೆ ನಿನ್ನ ಕಾಲೇ ಕಳೀತಿದ್ದೆ ನಾನು.”

ಸೈಜಪ್ಪ, ಕೂತರೆ ಅಷ್ಟೇನೂ ಆಗುವುದಿಲ್ಲ, ಜನ ಏನೇನೋ ಹೇಳುತ್ತಾರೆ ಎಂದು ತೊದಲಿದ. ಮಾಲೀಕರು ಕೈ ಎತ್ತಿ ತಡೆದರು.

“ಸಂಕೋಚ ಬೇಡ. ಆ ಪಾಪ ನನಗೆ ಬೇಡ. ಕೂರಬಾರದು, ನಿಲ್ಲಬಾರದು, ಕುಕ್ಕರುಗಾಲೂ ಬೇಡ. ಇನ್ನು ಉಳಿಯೋದು ನಡೆಯೋದು ತಾನೇ? ನಾಳೆಯಿಂದ ಗೋದಾಮಿಂದ ಮೂರೂ ಮಹಡಿಗೆ ಡಬ್ಬ ತಲುಪಿಸೋದು ನಿನ್ನ ಕೆಲಸ. ನಿಧಾನಕ್ಕೆ ಹತ್ತು, ನಿಧಾನಕ್ಕೆ ಇಳಿ. ಯಾರೂ ಅವಸರ ಮಾಡಲ್ಲ.”

ಕುರ್ಚಿ ಯಾರಿಗೆ ಎಂದು ಸೈಜಪ್ಪ ಕೇಳಿದ. ಕೇಳದಿದ್ದರೂ ಆಗುತ್ತಿತ್ತು.

“ನನ್ನ ಭಾವಮೈದ ಮನೇಲಿ ಸುಮ್ಮನೆ ಇದಾನಲ್ಲ, ಅವನಿಗೆ. ಇಪ್ಪತ್ತೆರಡು ವರ್ಷ, ಕಲ್ಲಿನಂಥ ಮಂಡಿ. ಎಷ್ಟು ಹೊತ್ತು ಕೂತರೂ ತಡೆಯುತ್ತೆ. ಈಗಲೇ ಫೋನ್ ಮಾಡ್ತೀನಿ.”

ಸೈಜಪ್ಪ ಹೊರಬಂದು ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ನಿಂತ. ಅಳಬೇಕೆಂದುಕೊಂಡ. ಅಲ್ಲೂ ಯಾರೋ ಗಿರಾಕಿಯೊಬ್ಬರು ಬಂದು ದಾರಿ ಕೇಳಿದರು. ಮಕ್ಕಳ ವಿಭಾಗ ಮೇಲಿದೆ ಎಂದು ಕೈ ತೋರಿಸಿ, ಅವರ ಕಾಲು ನೋಡಿ “ಐದು” ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅವರು ಹೋದ ಮೇಲೆ ಅಳು ಬರಲಿಲ್ಲ.

ಅವನು ಕೆಳಗಿಳಿಯುವಷ್ಟರಲ್ಲಿ ಭಾವಮೈದ ಸ್ಕೂಟರಿನಲ್ಲಿ ಬಂದು ಕುರ್ಚಿ ಸೇರಿಯಾಗಿತ್ತು. ಎರಡೂ ಕಾಲನ್ನು ಮೇಲೆತ್ತಿ, ಮೆತ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಮೊಬೈಲು ನೋಡುತ್ತಿದ್ದ. ಸೈಜಪ್ಪ ಕೊನೆಯ ಮೆಟ್ಟಿಲುಗಳನ್ನು ಒಂದೊಂದಾಗಿ, ಗೋಡೆ ಸವರುತ್ತಾ ಇಳಿಯುವುದನ್ನು ತಲೆಯೆತ್ತಿ ನೋಡಿ ಅವನಿಗೆ ನಿಜಕ್ಕೂ ಮರುಕವಾಯಿತು.

“ಅಣ್ಣ,” ಎಂದ, “ಹಾಗೆ ಇಳೀಬೇಡಿ. ಅದು ಮಂಡಿಗೆ ಒಳ್ಳೇದಲ್ಲ.”