ವೀರಗಲ್ಲಿನ ಪಾರ್ಕಿನಲ್ಲಿ ನನ್ನ ಹೆಸರು

ಹೆಸರಿನ ಆಸೆ ನನಗಿಲ್ಲ ಅನ್ನುವವರನ್ನು ನಂಬಬೇಡಿ. ಮುಳಬಾಗಿಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರಾದ ನಾನೂ ಹಾಗೇ ಹೇಳಿಕೊಂಡು ತಿರುಗಿದವನು. ಆವನಿ ಕಡೆಯ ಒಂದು ಹಳ್ಳಿಯ ಕೆರೆಯಂಗಳದಲ್ಲಿ ಯಾವುದೋ ಕಾಲದಲ್ಲಿ ಕಾಳಗ ನಡೆದಿತ್ತು. ಅಲ್ಲಿ ಸತ್ತವರಿಗೆ ನೆಟ್ಟ ವೀರಗಲ್ಲುಗಳು ಹೊಲದ ಬದುವಿನಲ್ಲೊಂದು, ಬಚ್ಚಲ ಪಕ್ಕದಲ್ಲೊಂದು ಬಿದ್ದಿದ್ದವು; ಒಂದಕ್ಕಂತೂ ಎಮ್ಮೆ ಕಟ್ಟುತ್ತಿದ್ದರು. ಎಲ್ಲವನ್ನೂ ಒಂದು ಕಡೆ ನಿಲ್ಲಿಸಿ ಪಾರ್ಕು ಮಾಡಿ ಅಂತ ಆರು ವರ್ಷ ಅರ್ಜಿ ಹಿಡಿದು ಅಲೆದೆ. ಕೊನೆಗೂ ಪಾರ್ಕಾಯಿತು. ಉದ್ಘಾಟನೆಗೆ ನನ್ನನ್ನು ಯಾರೂ ಕರೆಯಲಿಲ್ಲ.

ಮರುವಾರ ಹೆಂಡತಿಯನ್ನು ಕರೆದುಕೊಂಡು ನಾನೇ ಹೋದೆ. ಗೇಟಿನ ಪಕ್ಕ ಆಳೆತ್ತರದ ಗ್ರಾನೈಟ್ ಫಲಕ. ಅಧ್ಯಕ್ಷರು, ಉಪಾಧ್ಯಕ್ಷರು, ಗುತ್ತಿಗೆದಾರರು, ಗೇಟಿಗೆ ಬಣ್ಣ ಕೊಡಿಸಿದವರು, ಎಲ್ಲರೂ ಅದರಲ್ಲಿದ್ದರು. ಮೇಲಿಂದ ಕೆಳಕ್ಕೆ ಓದಿದೆ, ಕೆಳಗಿಂದ ಮೇಲಕ್ಕೆ ಓದಿದೆ. “ಹಿಂದುಗಡೆ ಇರಬಹುದು, ನೋಡ್ರೀ” ಅಂದಳು ಹೆಂಡತಿ. ನಾಚಿಕೆಯಿಲ್ಲದೆ ಹೋಗಿ ನೋಡಿದೆ. ಬರೀ ಸಿಮೆಂಟು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗಾಗಿತ್ತು ನನ್ನ ಕಥೆ. ಹೊಟ್ಟೆ ಉರಿದುಹೋಯಿತು. “ಮಾಡಿದವನ ಹೆಸರೇ ಇಲ್ಲ ಅಂದ್ರೆ ಇವರೆಂಥ ಜನ ಕಣೇ” ಅಂತ ಕೂಗಾಡಿದೆ.

ನನ್ನ ಕೂಗು ಕೇಳಿ, ಅಲ್ಲೇ ಒಂದು ಕಲ್ಲಿನ ಮುಂದೆ ಕೂತಿದ್ದ ಅದೇ ಹಳ್ಳಿಯ ಮುನೆಮ್ಮ ತಿರುಗಿ ನೋಡಿದಳು. ಆ ಕಲ್ಲಿಗೆ ಅವಳ ಅತ್ತೆಯ ಕಾಲದಿಂದಲೂ ಪ್ರತಿ ಅಮಾವಾಸ್ಯೆ ಎಣ್ಣೆ, ಸುಣ್ಣ, ಅರಿಶಿನ ನಡೆದಿತ್ತು. ಅದನ್ನು ಮೂಢನಂಬಿಕೆ ಅಂತ ಬೈದವನು ನಾನು. ಅರ್ಜಿ ಹಾಕುವ ಮೊದಲೊಮ್ಮೆ, “ಕೆಳಗೆ ಅಕ್ಷರ ಇದೆ ಮುನೆಮ್ಮ, ನಿಮ್ಮ ಸ್ವಾಮಿಯ ಹೆಸರು ಓದಿ ಹೇಳ್ತೀನಿ” ಅಂದು, ಬಚ್ಚಲು ತೊಳೆಯುವ ಆಸಿಡ್ ಸುರಿದು, ತಂತಿ ಬ್ರಷ್ಷಿನಲ್ಲಿ ಎರಡು ದಿನ ಉಜ್ಜಿದ್ದೆ. ಸುಣ್ಣ ಹೋಯಿತು. ಸುಣ್ಣದಡಿಯಲ್ಲಿ ಇಷ್ಟು ಕಾಲ ಬೆಚ್ಚಗಿದ್ದ ಅಕ್ಷರವೂ ಹೋಯಿತು.

“ಪೋನಿ ಬಿಡಿ ಮೇಷ್ಟ್ರೇ, ಫಲಕದಾಗೆ ಹೆಸರಿಲ್ದಿದ್ರೆ ಏನಂತೆ, ನಿಮ್ಮನ್ನ ನಾವು ಮರೀತೀವಾ” ಅಂದಳು ಮುನೆಮ್ಮ. ಆಮೇಲೆ ಮೆಲ್ಲಗೆ, “ಆವತ್ತು ಓದಿ ಹೇಳ್ತೀನಿ ಅಂದಿದ್ರಲ್ಲ, ನಮ್ಮ ಸ್ವಾಮಿ ಹೆಸರು ಏನಂತೆ?” ಅಂತ ಕೇಳಿದಳು.

ನಾನು ಕಲ್ಲಿನ ಪಕ್ಕದ ಬೋರ್ಡಿನತ್ತ ಕೈ ತೋರಿಸಿದೆ. ಅವಳಿಗೆ ಓದು ಬಾರದು. ಹೆಂಡತಿ ಗಟ್ಟಿಯಾಗಿ ಓದಿದಳು: “ಮಳೆ, ಗಾಳಿಗೆ ಅಕ್ಷರಗಳು ಸವೆದಿರುವುದರಿಂದ ಈ ವೀರನ ಹೆಸರು ತಿಳಿದುಬಂದಿಲ್ಲ.”

ಅರ್ಜಿಯ ಜೊತೆ ಆ ಸಾಲನ್ನು ಬರೆದುಕೊಟ್ಟವನು ನಾನೇ. ಇಡೀ ಪಾರ್ಕಿನಲ್ಲಿ ನನ್ನದು ಅಂತ ಉಳಿದಿರುವುದು ಅದೊಂದೇ ಸಾಲು. ಅದರಡಿಯಲ್ಲಿ ನನ್ನ ಹೆಸರು ಹಾಕಿಲ್ಲ, ಪುಣ್ಯ.