ಅತ್ತೆಯ ಡ್ರಮ್ಮಿಗೆ ನಾಲ್ಕು ಗಂಟೆ ಆವಿ

ನರ್ಸರಿಯಮ್ಮ: ಸತ್ತಿಲ್ಲ ಅಂತೀರಾ? ಹಾಗಾದ್ರೆ ಏನು, ನಿದ್ದೆ ಮಾಡ್ತಿದಾವಾ?

ಆವಿಯಪ್ಪ: ಸ್ವಲ್ಪ ಬಾಗಿದಾವೆ ಅಂದೆ, ಅಷ್ಟೆ.

ನರ್ಸರಿಯಮ್ಮ: ಹನ್ನೆರಡು ಟ್ರೇ ಟೊಮೆಟೊ ಸಸಿ ರೀ! ಒಂದು ಬಿಡದೆ ಬುಡ ಕೊಳೆತು ಮಲಗಿದೆ. ಮೇಲೆ ಹತ್ತಿ ಹಾಸಿದ ಹಾಗೆ ಬೂಸ್ಟು. ಹತ್ತು ದಿನ ಅಕ್ಕನ ಮನೆಗೆ ಹೋಗಿ ಬರೋದ್ರೊಳಗೆ ಏನು ಘನಕಾರ್ಯ ಮಾಡಿದ್ರಿ, ಹೇಳಿ.

ಆವಿಯಪ್ಪನವರು ಎದೆ ಸೆಟೆಸಿದರು. ಆವಿಯಪ್ಪ ಅನ್ನೋದು ಹೆಸರಲ್ಲ, ಬಿರುದು. ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ ಚಿಮಟಗಳನ್ನು ಆವಿಯಲ್ಲಿಟ್ಟು ಕ್ರಿಮಿ ಕೊಲ್ಲುವ ಕೋಣೆಯನ್ನು ಮೂವತ್ತೆರಡು ವರ್ಷ ಆಳಿದ ಮನುಷ್ಯ. ನಿವೃತ್ತಿಯ ದಿನ ಹಾರ ತುರಾಯಿ ಬೇಡ ಅಂತ, ಅಲ್ಲಿನ ಅಂಟುಪಟ್ಟಿಯ ಒಂದು ಸುರುಳಿ ಕೇಳಿ ತಂದಿದ್ದರು. ಆವಿ ಚೆನ್ನಾಗಿ ತಾಕಿದರೆ ಆ ಪಟ್ಟಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಮನೆಯಲ್ಲೂ ಅವರದೇ ಕಾನೂನು. ಹೆಂಡತಿ ತನ್ನ ಸಸಿ ನರ್ಸರಿಯಿಂದ ಬಂದರೆ ಹೊರಗಿನ ನಲ್ಲಿಯಲ್ಲಿ ಆಸ್ಪತ್ರೆ ಸೋಪು ಹಚ್ಚಿ ಮೂರು ಸಲ ಕೈಕಾಲು ತೊಳೆಯದೆ ಹೊಸ್ತಿಲು ದಾಟುವ ಹಾಗಿಲ್ಲ. ಇನ್ನು ಅವರ ಸ್ವಂತ ಬಚ್ಚಲಿಗಂತೂ, ಮಣ್ಣಿನ ಕಾಲಿನವಳು ಅಂತ, ಅವಳಿಗೆ ಪ್ರವೇಶವೇ ಇರಲಿಲ್ಲ.

ಆವಿಯಪ್ಪ: ನೀನು ಹೇಳಿದ ಹಾಗೇ ಬೀಜ ಹಾಕಿದೆ. ಅದಕ್ಕೂ ಮುಂಚೆ, ನಿನಗೆ ಖುಷಿಯಾಗಲಿ ಅಂತ, ಮೂಲೆಯ ಡ್ರಮ್ಮಿನ ಮಣ್ಣು ಸ್ವಚ್ಛ ಮಾಡಿದೆ.

ನರ್ಸರಿಯಮ್ಮ: ಸ್ವಚ್ಛ ಅಂದ್ರೆ? ಜರಡಿ ಹಿಡಿದ್ರಾ?

ಆವಿಯಪ್ಪ: ಜರಡಿ ಯಾರಿಗೆ ಬೇಕು! ಮುಚ್ಚಳ ಬಿಗಿದು ನಾಲ್ಕು ಗಂಟೆ ಆವಿ ಕೊಟ್ಟೆ. ಟ್ರೇಗೆ ಬೇಕಾದಷ್ಟು ತೆಗೆದು ಮತ್ತೆ ಭದ್ರವಾಗಿ ಮುಚ್ಚಿಟ್ಟೆ. ಪಟ್ಟಿ ನೋಡು, ಎಷ್ಟು ಚೆನ್ನಾಗಿ ಕಪ್ಪಾಗಿದೆ! ಒಂದೇ ಒಂದು ಕ್ರಿಮಿ ಉಳಿದಿದ್ರೆ ನನ್ನ ಹೆಸರು ಬದಲಾಯಿಸು.

ನರ್ಸರಿಯಮ್ಮ ಬೋರಲು ಹಾಕಿದ್ದ ಕುಂಡದ ಮೇಲೆ ಧೊಪ್ಪಂತ ಕುಳಿತಳು.

ನರ್ಸರಿಯಮ್ಮ: ಅಯ್ಯೋ ನನ್ನ ಕರ್ಮವೇ! ಅದು ನಿಮ್ಮಮ್ಮ ಕೊಟ್ಟ ಮಣ್ಣು ರೀ!

ಆವಿಯಪ್ಪ: ಅಮ್ಮ ಕೊಟ್ಟಿದ್ದೇ ಇರಬಹುದು. ಆದ್ರೆ ಸ್ವಚ್ಛತೆ ವಿಷಯದಲ್ಲಿ ಅಮ್ಮನೂ ಸ್ವಲ್ಪ...

ನರ್ಸರಿಯಮ್ಮ: ಸಾಕು, ಬಾಯಿ ಮುಚ್ಚಿ. ಮದುವೆಯಾಗಿ ಬಂದ ವರ್ಷ ಅತ್ತೆ ಒಂದು ಬುಟ್ಟಿ ಮಣ್ಣು ಕೊಟ್ಟು, ಪ್ರತಿ ಹೊಸ ಕುಂಡಕ್ಕೂ ಇದ್ರಿಂದ ಒಂದು ಹಿಡಿ ಹಾಕಮ್ಮ, ತೆಗೆದಷ್ಟು ಹೊಸದು ತುಂಬು ಅಂದ್ರು. ಆ ಮಣ್ಣನ್ನ ಈ ಡ್ರಮ್ಮಲ್ಲಿಟ್ಟು ಇಪ್ಪತ್ತೆಂಟು ವರ್ಷ ತಪ್ಪದೆ ಹಾಗೇ ಮಾಡಿದೀನಿ. ಒಂದೊಂದು ಹಿಡಿಯಲ್ಲೂ ಈ ಪೇಟೆಯ ಜನಕ್ಕಿಂತ ಜಾಸ್ತಿ ಜೀವ ಇತ್ತು!

ಆವಿಯಪ್ಪ: ನಾನು ಹೇಳ್ತಿರೋದೂ ಅದೇ! ಅಷ್ಟನ್ನೂ ಮುಗಿಸಿದೆ.

ನರ್ಸರಿಯಮ್ಮ: ಅವರೆಲ್ಲ ದುಡಿಯೋರು ರೀ! ಬೇರಿಗೆ ನೂಲಿನ ಹಾಗೆ ಹೆಣೆದುಕೊಂಡು ದೂರದ ನೀರು ತಂದುಕೊಡೋರು, ಒಣಗಿದ ಎಲೆ ಜೀರ್ಣಿಸಿ ಗೊಬ್ಬರ ಮಾಡೋರು, ಮಣ್ಣು ಪುಡಿಯಾಗಿ ತೊಳೆದುಹೋಗದ ಹಾಗೆ ಹಿಡಿದಿಡೋರು, ಬೂಸ್ಟಿನಂಥ ಪುಂಡರನ್ನ ಹತ್ತಿರಕ್ಕೆ ಬಿಡದೋರು...

ಆವಿಯಪ್ಪ: ಪುಂಡರನ್ನೂ ಕೊಂದೆನಲ್ಲ! ಭೇದಭಾವ ಮಾಡಿಲ್ಲ.

ನರ್ಸರಿಯಮ್ಮ: ಕೊಂದು, ಖಾಲಿ ಮಣ್ಣನ್ನ ಟ್ರೇಗೆ ತುಂಬಿ ಗಾಳಿಗೆ ತೆರೆದಿಟ್ರಿ. ಖಾಲಿ ಬಸ್ಸು ಬಂದು ನಿಂತ್ರೆ ಸೀಟು ಯಾರಿಗೆ ಸಿಗುತ್ತೆ?

ಆವಿಯಪ್ಪ: ಕ್ಯೂನಲ್ಲಿ ಮುಂದೆ ಇರೋರಿಗೆ.

ನರ್ಸರಿಯಮ್ಮ: ನೀವು ಯಾವತ್ತು ಬಸ್ಸು ಹತ್ತಿದ್ರಿ, ಮಹಾರಾಯರೇ! ಕಿಟಕಿಯಿಂದ ಟವೆಲ್ ಎಸೆಯೋರಿಗೆ ಸಿಗುತ್ತೆ. ಬೂಸ್ಟು ಟವೆಲ್ ಎಸೀತು, ಕೂತ್ಕೊಂಡ್ತು. ಆಮೇಲೆ ಎಂಥ ಒಳ್ಳೆಯವರು ಬಂದ್ರೂ ನಿಲ್ಲೋಕೂ ಜಾಗ ಇಲ್ಲ. ಹೋಗೋ ಮುಂಚೆ ಇದ್ದಬದ್ದ ಗಿಡದ ಕುಂಡಗಳನ್ನೂ ಮಾರಿಬಿಟ್ಟೆ. ಈಗ ಬೀಜ ಹಾಕೋಕೆ ಅತ್ತೆಯ ಮಣ್ಣು ಒಂದು ಹಿಡಿ ಇಲ್ಲ ನನ್ನ ಹತ್ರ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಆವಿಯಪ್ಪ ಸಂಜೆಯವರೆಗೂ ವಾದ ಮಾಡುತ್ತಿದ್ದರು. ಅಳು ಅವರಿಗೆ ತಡೆಯಲಾಗದ ವಸ್ತು. ಜೊತೆಗೆ ಅಮ್ಮನ ಮುಖ ಬೇರೆ ಕಣ್ಣ ಮುಂದೆ ಬಂತು.

ಆವಿಯಪ್ಪ: ಒಂದು ಹಿಡಿ ಇದ್ರೆ... ಸಾಕಾಗುತ್ತಾ?

ನರ್ಸರಿಯಮ್ಮ: ಎಲ್ಲಿಂದ ತರ್ತೀರಿ? ಆಸ್ಪತ್ರೆಯಿಂದಲಾ?

ಆವಿಯಪ್ಪ: ಬಾ. ಬೈಯಬಾರದು.

ಬಚ್ಚಲ ಬಾಗಿಲು ತೆರೆಯಿತು. ಫಿನಾಯಿಲ್ಲಿನ ಘಮಘಮದ ನಡುವೆ, ಕಿಟಕಿಯ ಕಟ್ಟೆಯ ಮೇಲೆ, ಆಸ್ಪತ್ರೆಯ ಹಳೆಯ ಸ್ಟೀಲ್ ಬೋಗುಣಿಯಲ್ಲಿ ಒಂದು ಮೆಣಸಿನ ಗಿಡ. ಎಲೆಯೆಲ್ಲ ಮಿರಮಿರ, ಎರಡು ಕಾಯಿ ಬೇರೆ.

ನರ್ಸರಿಯಮ್ಮ: ಇದೇನ್ರೀ ಇದು!

ಆವಿಯಪ್ಪ: ಬಡಕಲು ಸಸಿ ಅಂತ ನೀನೇ ಎಸೆದಿದ್ದೆ, ಎತ್ಕೊಂಡು ಬಂದೆ. ಬೆಳಿಗ್ಗೆ ಎದ್ದರೆ ಡ್ಯೂಟಿ ಇಲ್ಲ, ನೋಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ಮಣ್ಣು... ಆವಿ ಕೊಡೋಕೆ ಎಷ್ಟೋ ಮುಂಚೆ ನಿನ್ನ ಡ್ರಮ್ಮಿಂದ ಕದ್ದಿದ್ದೆ.

ನರ್ಸರಿಯಮ್ಮ: ಇದನ್ನ ಬೇಯಿಸಲಿಲ್ವಾ?

ಆವಿಯಪ್ಪ: ಒಲೆ ಹಚ್ಚಿದ್ದೆ. ಇಷ್ಟು ಪುಟ್ಟ ಗಿಡ, ಮನಸ್ಸು ಬರಲಿಲ್ಲ.

ನರ್ಸರಿಯಮ್ಮ: ಡ್ರಮ್ ಬೇಯಿಸೋಕೆ ಬಂತಾ?

ಆವಿಯಪ್ಪ: ಡ್ರಮ್ಮಲ್ಲಿ ಗಿಡ ಇರಲಿಲ್ಲವಲ್ಲೇ!

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಕೆಸರು ಕಾಲಿನಲ್ಲೇ ಒಳಗೆ ನುಗ್ಗಿ, ಬೋಗುಣಿಗೆ ಮೂಗು ತಾಗಿಸಿ ಮಣ್ಣಿನ ವಾಸನೆ ಎಳೆದುಕೊಂಡಳು. ಆವಿಯಪ್ಪ "ಕಾಲು..." ಅಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನರ್ಸರಿಯಮ್ಮ: ಅತ್ತೆಯ ಮಣ್ಣೇ! ಎಲ್ಲರೂ ಇಲ್ಲೇ ಇದಾರೆ. ಡ್ರಮ್ ಇನ್ನೂ ಮುಚ್ಚಿದೆ ಅಂದ್ರಲ್ಲ, ಉರುಳಿಸಿಕೊಂಡು ಬನ್ನಿ. ಪುಂಡರು ಹತ್ತೋ ಮುಂಚೆ ನಮ್ಮವರ ಟವೆಲ್ ಬೀಳಬೇಕು.

ಆವಿಯಪ್ಪ: ಇಲ್ಲಿಗಾ? ಬಚ್ಚಲಿಗಾ?

ನರ್ಸರಿಯಮ್ಮ: ಮತ್ತೆ? ಪುಂಡರ ಕಾಟ ಇಷ್ಟು ಕಡಿಮೆ ಇರೋ ಜಾಗ ಊರಲ್ಲಿ ಬೇರೆ ಎಲ್ಲಿದೆ? ಈ ಒಂದು ಹಿಡಿಯ ಜೀವ ಹೆಚ್ಚಿ ಡ್ರಮ್ ತುಂಬೋಕೆ ಮೂರು ತಿಂಗಳು ಬೇಕು.

ಆವಿಯಪ್ಪ: ಮೂರು ತಿಂಗಳು ನಾನು ಎಲ್ಲಿ ಸ್ನಾನ ಮಾಡ್ಲಿ?

ನರ್ಸರಿಯಮ್ಮ: ಹೊರಗಿನ ನಲ್ಲಿ ಇದೆಯಲ್ಲ. ಮತ್ತೆ ಗಿಡ ನೋಡೋಕೆ ಒಳಗೆ ಬರೋ ಹಾಗಿದ್ರೆ, ಆ ಆಸ್ಪತ್ರೆ ಸೋಪು ನಮ್ಮವರಿಗೆ ಆಗಲ್ಲ. ಬರೀ ನೀರಲ್ಲೇ ಮೂರು ಸಲ ಕೈಕಾಲು ತೊಳ್ಕೊಂಡು ಬನ್ನಿ.